ನನ್ನಪ್ಪ ತನ್ನ ಗಾಡಿಗೇ ಡ್ರೈವರ್ ಆದದ್ದು

ಗಾಡಿಯಲ್ಲಿ ಕೂತರೆ ನನಗೆ ಇವತ್ತಿಗೂ ಕಣ್ಣು ಹತ್ತುವುದಿಲ್ಲ. ಬಸ್ಸಾಗಲಿ, ಗೆಳತಿಯ ಹೊಸ ಕಾರಾಗಲಿ, ನನ್ನ ಕಿವಿ ಎಂಜಿನ್ನಿನ ಕಡೆಗೇ ಇರುತ್ತದೆ. ಎಲ್ಲೋ ಸಣ್ಣಗೆ ಕಟಕಟ ಅಂದರೆ ಸಾಕು, ಕಾಲಬೆರಳುಗಳು ಚಪ್ಪಲಿಯೊಳಗೇ ಮುದುಡಿಕೊಳ್ಳುತ್ತವೆ. ಪಕ್ಕದವರು ಏನಾಯಿತು ಎಂದು ಕೇಳುತ್ತಾರೆ, ನಾನು ಏನಿಲ್ಲ ಎನ್ನುತ್ತೇನೆ, ಮತ್ತೆ ಕಿವಿಗೊಟ್ಟು ಕೂರುತ್ತೇನೆ. ಇದು ಹುಟ್ಟಿನಿಂದ ಬಂದ ಚಾಳಿಯಲ್ಲ. ನನಗೆ ಹನ್ನೊಂದು ನಡೆಯುತ್ತಿದ್ದಾಗ ಸೊಲ್ಲಾಪುರದ ನಮ್ಮ ಮನೆಯ ಅಂಗಳಕ್ಕೆ ಬಂದು ನಿಂತ ಒಂದು ಹಳೆಯ ಜರ್ಮನ್ ಗಾಡಿ ಕಲಿಸಿಕೊಟ್ಟದ್ದು. ಅದರ ಕಂಪನಿಯ ಹೆಸರನ್ನು ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದೆವು. ಕೊನೆಗೆ ಎಲ್ಲರ ನಾಲಿಗೆಯೂ ಸೋತು ಬರೀ ‘ಜರ್ಮನಿ’ ಎಂದು ಕರೆಯತೊಡಗಿದೆವು. ಜರ್ಮನಿ ಎದ್ದಿತೇ, ಜರ್ಮನಿ ಯಾಕೋ ಕೆಮ್ಮುತ್ತಿದೆ, ಜರ್ಮನಿಯ ಮೇಲೆ ಸಂಡಿಗೆ ಒಣಹಾಕಬೇಡ. ಮನೆಗೆ ಬಂದವರಿಗೆ ನಾವು ಯಾವ ದೇಶದ ಸುದ್ದಿ ಮಾತಾಡುತ್ತಿದ್ದೇವೆಂದು ತಿಳಿಯುತ್ತಿರಲಿಲ್ಲ.

ನಮ್ಮದು ಒಂದರ ಹಿಂದೊಂದು ಮೂರು ಖೋಲಿಗಳ ಮನೆ. ಮುಂದಿನ ಖೋಲಿಯಲ್ಲಿ ಅಪ್ಪನ ಮಂಚ, ಗೋಡೆಯ ಮೇಲೆ ಬುದ್ಧನ ಫೋಟೋ. ನಡುವಿನದರಲ್ಲಿ ನಾನೂ ಅಪ್ಪನ ತಂಗಿ ಶಾಲೂ ಅತ್ತಿಯೂ ಮಲಗುತ್ತಿದ್ದೆವು. ಹಿಂದಿನದು ಅಡಿಗೆಮನೆ, ಅಲ್ಲಿ ಅವ್ವನ ರಾಜ್ಯ. ಮುಂದೆ ಒಂದು ಅಂಗಳ. ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ. ಗಾಡಿ ಬರುವ ಹಿಂದಿನ ದಿನ ಅಪ್ಪ ಕಲ್ಲನ್ನು ಹಿತ್ತಿಲಿಗೆ ಉರುಳಿಸಿದ, ಕರಿಬೇವನ್ನು ಕಡಿದ. ಕಲ್ಲಿನ ವಿಷಯದಲ್ಲಿ ಅವ್ವ ಸುಮ್ಮನಿದ್ದಳು, ಕರಿಬೇವಿನ ವಿಷಯದಲ್ಲಿ ಮಾತ್ರ ಮುಂದೆ ಎಷ್ಟೋ ವರ್ಷ ಒಗ್ಗರಣೆ ಹಾಕುವಾಗೆಲ್ಲ ಅಪ್ಪನಿಗೆ ಕೇಳುವಂತೆ ಒಂದು ಮಾತು ಅನ್ನುತ್ತಲೇ ಇದ್ದಳು. ಗಾಡಿ ಬಂದ ಮೇಲೆ ಅಂಗಳವೆಂಬುದು ಉಳಿಯಲಿಲ್ಲ. ಗೋಡೆಗೂ ಗಾಡಿಗೂ ನಡುವೆ ಮೈ ಅಡ್ಡಮಾಡಿ ನುಸುಳಿ ಒಳಗೆ ಬರಬೇಕು. ಮೈ ತುಂಬಿಕೊಂಡ ನೆಂಟರು ಬಂದರೆ ಸುತ್ತುಹಾಕಿ ಹಿತ್ತಿಲ ಬಾಗಿಲಿನಿಂದ, ಅವ್ವನ ಒಲೆಯ ಮುಂದಿನಿಂದ ಹಾಯ್ದು ಬರುತ್ತಿದ್ದರು. ಮನೆಯ ಮುಂದಿನ ಬಾಗಿಲು ತೆಳ್ಳಗಿದ್ದವರಿಗೆ ಎಂದು ಶಾಲೂ ಅತ್ತಿ ನಗುತ್ತಿದ್ದಳು.

ಅಪ್ಪ ಒಂದು ಸರಕಾರಿ ಗೋದಾಮಿನಲ್ಲಿ ಗುಮಾಸ್ತ. ಊರು ಬಿಟ್ಟು ಹೊರಟಿದ್ದ ಒಬ್ಬ ಡಾಕ್ಟರರು ತಮ್ಮ ಹಳೇ ಗಾಡಿಯನ್ನು ಮೋಟರ್ ಸೈಕಲ್ಲಿನ ಬೆಲೆಗೆ ಬಿಟ್ಟುಕೊಟ್ಟರು. ಅಷ್ಟು ಕಡಿಮೆಗೆ ಯಾಕೆ ಬಿಟ್ಟರು ಎಂದು ಕೇಳುವ ಬುದ್ಧಿ ಅಪ್ಪನಿಗೆ ಹೊಳೆಯಲಿಲ್ಲ. ಅವ್ವನಿಗೆ ಹೊಳೆಯಿತು. ಅಗ್ಗ ಅಂತ ಮುಗ್ಗಿದ ಜೋಳ ತಂದಂಗಾತು ಎಂದಳು. ಆದರೆ ಅಪ್ಪ ಗಾಡಿ ತಂದದ್ದು ಅಗ್ಗಕ್ಕಲ್ಲ, ಶಾಲೂ ಅತ್ತಿಯ ಲಗ್ನಕ್ಕೆ. ಲಗ್ನ ಇನ್ನು ಐದು ತಿಂಗಳಿತ್ತು, ಅಕ್ಕಲಕೋಟೆಯ ಒಂದು ಮಂಗಲ ಕಾರ್ಯಾಲಯದಲ್ಲಿ. ಅಪ್ಪನ ಹುಟ್ಟೂರು ಚಪಳಗಾಂವದಿಂದ ಆಚೆ, ಒಳದಾರಿಯಲ್ಲಿ ಸಿಗುವ ಸಣ್ಣ ಹಳ್ಳಿ. ಅಲ್ಲಿ ನನ್ನ ಅಜ್ಜ ಚಾವಡಿಯ ಮುಂದೆ ಹಾಯುವಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದನಂತೆ. ನಮ್ಮವರು ಬುದ್ಧನ ಕಡೆ ಬಂದು ಎಷ್ಟೋ ವರ್ಷಗಳಾದ ಮೇಲೂ, ಹಾಗೆ ಮಾಡೆಂದು ಹೇಳುವವರು ಯಾರೂ ಇಲ್ಲದ ಮೇಲೂ, ಮುದುಕನ ಕೈಗೆ ಆ ಅಭ್ಯಾಸ ಬಿಡಲಿಲ್ಲವಂತೆ. ಅಪ್ಪ ಇದನ್ನು ನಮಗೆ ಒಮ್ಮೆ ಮಾತ್ರ ಹೇಳಿದ, ಅದೂ ಗಾಡಿ ತೊಳೆಯುತ್ತ, ನಮ್ಮ ಮುಖ ನೋಡದೆ. ಅವನ ತಂಗಿ ಅದೇ ಚಾವಡಿಯ ಮುಂದೆ ಈ ಗಾಡಿಯಲ್ಲಿ ಕೂತು ಲಗ್ನಕ್ಕೆ ಹೋಗಬೇಕು. ಇಷ್ಟೇ ಅವನ ಹಟ. ಅದಕ್ಕಾಗಿ ಗಾಡಿ ಆ ಒಂದು ದಿನ ಓಡಬೇಕಿತ್ತು.

ಗಾಡಿ ಮಾತ್ರ ಓಡಲೊಲ್ಲದು. ಭಾನುವಾರ ಬೆಳಿಗ್ಗೆ ನಾವೆಲ್ಲ ಬಿಳಿ ಬಟ್ಟೆ ತೊಟ್ಟು ಬುದ್ಧವಂದನೆ ಮುಗಿಸುತ್ತಿದ್ದೆವು. ಆಮೇಲೆ ಅಪ್ಪ ಅದೇ ಬಿಳಿ ಅಂಗಿಯಲ್ಲಿ ಹೋಗಿ ಕೀಲಿ ತಿರುವುತ್ತಿದ್ದ. ಎಂಜಿನ್ ಹತ್ತುವವರೆಗೆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಅವ್ವ ಬಡಿಯುತ್ತಿದ್ದ ರೊಟ್ಟಿಯ ಮೇಲೆ ಅಂಗೈ ಇಟ್ಟು ಹಾಗೇ ನಿಲ್ಲುತ್ತಿದ್ದಳು. ಹತ್ತಿದರೆ ರೊಟ್ಟಿ ಮತ್ತೆ ತಿರುಗುತ್ತಿತ್ತು. ಹತ್ತು ನಿಮಿಷ ಓಡಿದ ಮೇಲೆ ಕಾವಿನ ಮುಳ್ಳು ಮೇಲಕ್ಕೇರಿ, ಬಾನೆಟ್ಟಿನಿಂದ ಹಬೆ ಎದ್ದು, ಅಪ್ಪನ ಮುಖ ಕೆಂಪಾಗುತ್ತಿತ್ತು. ಅಂದು ಮಧ್ಯಾಹ್ನದ ಊಟಕ್ಕೆ ಶೇಂಗಾ ಚಟ್ನಿಗೆ ಎಣ್ಣೆ ಬೇಕೇ ಎಂದು ಅವನನ್ನು ಕೇಳುವ ಧೈರ್ಯವೂ ನಮಗಿರುತ್ತಿರಲಿಲ್ಲ. ಕೊನೆಗೆ ಒಂದು ಶನಿವಾರ ಕಚೇರಿಯಿಂದ ಬಂದವನೇ ನನ್ನನ್ನೂ ಹತ್ತಿಸಿಕೊಂಡು, ಇಂಥ ಗಾಡಿಗಳನ್ನು ನೋಡುತ್ತಾರೆಂದು ಹೆಸರಾಗಿದ್ದ ಒಂದು ಗ್ಯಾರೇಜಿಗೆ ಹೊರಟ. ಜಾಗ ಇದ್ದರೂ ಮುಂದೆ ಕೂರಿಸಲಿಲ್ಲ, ಹಿಂದಿನ ಸೀಟಿನಲ್ಲಿ ತಂಪು ಇರುತ್ತದೆಂದು ಅಲ್ಲಿ ಕೂರಿಸಿದ. ಅಲ್ಲಿಯ ಮಿಸ್ತ್ರಿ ಬಾನೆಟ್ ಎತ್ತಿ ನೋಡಿದ. ಬೆವರಿಗೆ ಬೆನ್ನಿಗಂಟಿದ ಅಂಗಿಯ, ಕಪ್ಪು ಮೈಬಣ್ಣದ ಅಪ್ಪನನ್ನೂ ಒಂದು ಸಲ ನೋಡಿದ, ಹಿಂದೆ ಕೂತ ನನ್ನನ್ನೂ ನೋಡಿದ. ಆಮೇಲೆ ಅಪ್ಪನ ಹೆಗಲ ಮೇಲೆ ಕೈಹಾಕಿ ಸ್ವಲ್ಪ ಆಚೆ ಕರೆದುಕೊಂಡು ಹೋಗಿ ಹೇಳಿದ್ದು ನನಗೂ ಕೇಳಿಸಿತು:

“ಎಂಜಿನ್ ಬಿಚ್ಚಬೇಕು ಅಂತ ನಿನ್ನ ಸಾಹೇಬಗ ಹೇಳು. ನಿನ್ನ ಚಹಾ-ಪಾನಿ ನಾವು ನೋಡ್ಕೋತೀವಿ.”

ಗಾಡಿ ತನ್ನದೆಂದು ಅಪ್ಪ ಹೇಳಲಿಲ್ಲ. ಹೂಂ ಎಂದು ತಲೆಯಾಡಿಸಿ ಗಾಡಿ ಹತ್ತಿದ. ಅವತ್ತು ಊಟ ಮಾಡಲಿಲ್ಲ, ಯಾರ ಮೇಲೂ ರೇಗಲಿಲ್ಲ, ಅಂದರೆ ಸಿಟ್ಟು ನಿಜವಾಗಿ ಒಳಗೆ ಇಳಿದಿತ್ತು. ಎರಡು ದಿನ ಬಿಟ್ಟು ಆ ಸಿಟ್ಟೇ ಒಂದು ಯುಕ್ತಿಯಾಗಿ ಹೊರಬಂತು. ಎಂಜಿನ್ ಬಿಚ್ಚಬೇಕಾಗಿಲ್ಲ ಎನ್ನುವುದು ಆ ಮಿಸ್ತ್ರಿಗೆ ಗೊತ್ತಿದೆ, ಗೊತ್ತಿದ್ದೂ ಡ್ರೈವರನ ಕೈಯಲ್ಲಿ ಸುಳ್ಳು ಹೇಳಿ ಕಳಿಸುತ್ತಾನೆ; ಹಾಗಾದರೆ ಡ್ರೈವರನಿಗೆ ಆಸೆ ತೋರಿಸುವವನು ಕಳ್ಳ, ತೋರಿಸದವನು ಪ್ರಾಮಾಣಿಕ. ಇನ್ನು ಮುಂದೆ ತಾನು ಡ್ರೈವರನಾಗಿಯೇ ಗ್ಯಾರೇಜುಗಳಿಗೆ ಹೋಗುತ್ತೇನೆ, ಹಿಂದಿನ ಸೀಟಿನಲ್ಲಿ ಸಾಹೇಬನ ಮಗಳಾಗಿ ನಾನು ಕೂತರೆ ಯಾರಿಗೂ ಸಂಶಯ ಬರುವುದಿಲ್ಲ ಎಂದು ಅವನು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಉತ್ಸಾಹದಿಂದ ವಿವರಿಸಿದ. ಅವ್ವ ಶೇಂಗಾ ಕುಟ್ಟುತ್ತಿದ್ದಳು. ಕುಟ್ಟುವುದನ್ನು ನಿಲ್ಲಿಸಿದಳು.

“ನಮ್ಮ ಹಿರ್ಯಾರು ಮಂದಿ ಬಾಗಲಾಗ ನಿಂತು ನಿಂತ ಸತ್ರು. ನೀವು ಸ್ವಂತ ಗಾಡಿ ತಗೊಂಡು ಮತ್ತ ಆಳಾಗಿ ನಿಂದ್ರತೀನಿ ಅಂತೀರಿ. ಅದೂ ಹುಡುಗಿ ಕಣ್ಣ ಮುಂದ.”

“ಮಾಲಕಗ ಯಾರೂ ಖರೇ ಹೇಳೂದಿಲ್ಲ. ಡ್ರೈವರಗ ಹೇಳ್ತಾರ,” ಎಂದ ಅಪ್ಪ.

ಆ ಜಗಳ ಆವತ್ತಿಗೆ ಮುಗಿಯಲಿಲ್ಲ. ಐದು ತಿಂಗಳು ನಮ್ಮ ಮನೆಯಲ್ಲಿ ಉಪ್ಪು ಕಡಿಮೆಯಾದರೂ, ನೀರು ಬರದಿದ್ದರೂ ಕೊನೆಗೆ ಇದೇ ಜಗಳಕ್ಕೆ ಬಂದು ನಿಲ್ಲುತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಅಪ್ಪನ ಪಕ್ಷ ವಹಿಸುತ್ತಿದ್ದೆ, ಯಾಕೆಂದರೆ ಆ ಆಟ ನನಗೆ ರುಚಿಸಿತ್ತು. ಗ್ಯಾರೇಜಿನ ಮುಂದೆ ಗಾಡಿ ನಿಂತ ಕೂಡಲೇ ಅಪ್ಪ ಇಳಿದು ಬಂದು ನನ್ನ ಕಡೆಯ ಬಾಗಿಲು ತೆರೆಯುತ್ತಿದ್ದ. “ಬೇಬಿ, ನೀರ ಬೇಕೇನ್ರಿ?” ಎನ್ನುತ್ತಿದ್ದ. ನನ್ನ ಅಪ್ಪ ನನಗೆ ರೀ ಹಚ್ಚಿ ಮಾತಾಡುತ್ತಿದ್ದಾನೆ. ನಾನು ಅವನನ್ನು ಡ್ರೈವರ್ ಕಾಕಾ ಎನ್ನಬೇಕು. ಮೊದಮೊದಲು ನಗು ತಡೆಯುತ್ತಿರಲಿಲ್ಲ, ನಾಲ್ಕನೆಯ ಗ್ಯಾರೇಜಿನ ಹೊತ್ತಿಗೆ ನಗು ಬರುವುದೇ ನಿಂತುಹೋಗಿತ್ತು. ಗ್ಯಾರೇಜುಗಳು ಒಂದಾದ ಮೇಲೊಂದು ಅಪ್ಪನ ಪರೀಕ್ಷೆಯಲ್ಲಿ ನಪಾಸಾದವು. ಒಬ್ಬ ಪಂಪು ಹೋಗಿದೆ ಎಂದ, ಒಬ್ಬ ರೇಡಿಯೇಟರ್ ಮುಂಬೈಯಿಂದ ತರಿಸಬೇಕೆಂದ, ಇನ್ನೊಬ್ಬ ಸಾಹೇಬನಿಗೆ ಹೇಗೆ ಹೆದರಿಸಬೇಕೆನ್ನುವುದನ್ನೂ ಅಪ್ಪನಿಗೆ ಬಾಯಿಪಾಠ ಮಾಡಿಸಿದ. ಎಲ್ಲರೂ ಅಪ್ಪನ ಚಹಾ-ಪಾನಿಗೆ ಒಂದು ದರ ಹೇಳಿದರು. ಅಪ್ಪ ಮನೆಗೆ ಬಂದು ಕಳ್ಳರ ಲೆಕ್ಕ ಒಪ್ಪಿಸುತ್ತಿದ್ದ. ಗಾಡಿ ಮಾತ್ರ ಹಾಗೇ ಇತ್ತು, ಲಗ್ನ ಹತ್ತಿರ ಬರುತ್ತಿತ್ತು, ಶಾಲೂ ಅತ್ತಿಯ ನಗುವೂ ಕಡಿಮೆಯಾಗುತ್ತಿತ್ತು. ಅಣ್ಣಾ, ನಾ ಟೆಂಪೋದಾಗ ಹೋದ್ರೂ ಲಗ್ನ ಆಗತದ ಎಂದು ಅವಳು ಒಂದು ದಿನ ಮೆಲ್ಲಗೆ ಹೇಳಿದ್ದಕ್ಕೆ ಅಪ್ಪ ತಾಟು ಬಿಟ್ಟು ಎದ್ದುಹೋದ.

ದಾರಿ ತೋರಿಸಿದವರು ಡ್ರೈವರರೇ. ಡ್ರೈವರನ ವೇಷದಲ್ಲಿ ಓಡಾಡುತ್ತ ಅಪ್ಪನಿಗೆ ದೊಡ್ಡವರ ಗಾಡಿ ಓಡಿಸುವವರ ಗೆಳೆತನ ಬೆಳೆದಿತ್ತು. ಅವರೆಲ್ಲ ಒಂದು ಚಹಾದಂಗಡಿಯಲ್ಲಿ ಸೇರುತ್ತಿದ್ದರು. ಯಾವ ಗ್ಯಾರೇಜು ಎಷ್ಟು ಕೊಡುತ್ತದೆ ಎಂಬ ಮಾತಿನ ನಡುವೆ ಒಬ್ಬ ನಗುತ್ತ, ವಿಜಾಪುರ ರೋಡಿನಲ್ಲಿ ಒಬ್ಬ ಹುಚ್ಚನಿದ್ದಾನೆ, ಪುಣೆಯಲ್ಲಿ ಬರೀ ವಿದೇಶಿ ಗಾಡಿಗಳ ಕೆಲಸ ಮಾಡಿ ಬಂದವನು, ಕೈ ಬಂಗಾರ, ಆದರೆ ಒಂದು ಪೈಸೆ ಕಮಿಷನ್ ಕೊಡುವುದಿಲ್ಲ, ಹೀಗಾಗಿ ನಾವ್ಯಾರೂ ಅತ್ತ ಗಾಡಿ ಒಯ್ಯುವುದಿಲ್ಲ, ನೊಣ ಹೊಡೆಯುತ್ತ ಕೂತಿರುತ್ತಾನೆ ಎಂದ. ಅಪ್ಪ ಕುಡಿಯುತ್ತಿದ್ದ ಚಹಾ ಅರ್ಧಕ್ಕೆ ಬಿಟ್ಟು ಮನೆಗೆ ಬಂದು ನನ್ನನ್ನು ಹತ್ತಿಸಿಕೊಂಡ.

ಬೋರ್ಡಿಲ್ಲದ ತಗಡಿನ ಶೆಡ್ಡು. ಒಬ್ಬನೇ ಮನುಷ್ಯ, ಸಿದ್ರಾಮ ಮಿಸ್ತ್ರಿ, ಮಂದ್ರೂಪದವನು, ದಿನಾ ಬಸ್ಸಿಗೆ ಬಂದು ಹೋಗುವವನು. ಅವನು ಏನನ್ನೂ ಬಿಚ್ಚಲಿಲ್ಲ. ಎಂಜಿನ್ ಓಡಲು ಬಿಟ್ಟು, ಮೇಲಿನ ಕೊಳವೆಯ ಮೇಲೊಮ್ಮೆ ಕೆಳಗಿನ ಕೊಳವೆಯ ಮೇಲೊಮ್ಮೆ ಅಂಗೈ ಇಟ್ಟು ನೋಡಿದ. ಮೇಲಿನದು ಸುಡುತ್ತಿದೆ, ಕೆಳಗಿನದು ತಣ್ಣಗಿದೆ, ನೀರು ತಿರುಗುತ್ತಿಲ್ಲ, ಅಷ್ಟೇ ರೋಗ ಎಂದ. ನೀರಿಗೆ ದಾರಿ ಬಿಡುವ ಒಂದು ಸಣ್ಣ ಬಿಲ್ಲೆ ಹೊರಗೆ ತೆಗೆದು, ತನ್ನ ಚಹಾದ ಪಾತೇಲಿಯಲ್ಲಿ ನೀರು ಕುದಿಸಿ ಅದರೊಳಗೆ ಹಾಕಿ ಅಪ್ಪನನ್ನು ಕರೆದು ತೋರಿಸಿದ. ಕುದಿಯುವ ನೀರಿನಲ್ಲಿ ಬಾಯಿ ತೆರೆಯಬೇಕಾದದ್ದು ಮುಚ್ಚಿಕೊಂಡೇ ಇತ್ತು. ಕೇಳಿದ ಮಜೂರಿ ನಾವು ದೀಪಾವಳಿಗೆ ತರುವ ಪಟಾಕಿಗಿಂತ ಕಡಿಮೆ. ಇವನು ಕಮಿಷನ್ ಮಾತೇ ಎತ್ತುತ್ತಿಲ್ಲವಲ್ಲ ಎಂದು ಅಪ್ಪನಿಗೆ ತಳಮಳ. ತಾನೇ ಬಾಯಿಬಿಟ್ಟು, ನನ್ನದೇನಾದರೂ ನೋಡು ಎಂದು ಕೇಳಿದ. ಸಿದ್ರಾಮ ತಲೆ ಎತ್ತಲಿಲ್ಲ.

“ನಿನ್ನ ಪಗಾರ ನಿನ್ನ ಸಾಹೇಬನ ಹಂತ್ಯಾಕ ಕೇಳು. ನನ್ನ ಹಂತ್ಯಾಕ ಕೆಲಸ ಕೇಳು.”

ಅಪ್ಪ ಅವತ್ತು ಮನೆಗೆ ಬಂದು ಕುಣಿಯುವುದೊಂದು ಬಾಕಿ. ಸಿಕ್ಕ, ಸಿಕ್ಕ ಎಂದು ಖೋಲಿಯಿಂದ ಖೋಲಿಗೆ ಓಡಾಡಿದ. ಅಲ್ಲಿಗೇ ನಿಜ ಹೇಳಿಬಿಟ್ಟಿದ್ದರೆ ಈ ಅಧ್ಯಾಯ ಬರೆಯುವ ಕೆಲಸವಿರುತ್ತಿರಲಿಲ್ಲ. ಖರೇ ಮನುಷ್ಯಾ ಸಿಕ್ಕ ಮೇಲೂ ಖೋಟೇ ಯಾಕೆ ಎಂದು ಅವ್ವ ಕೇಳಿದಳು. ಲಗ್ನ ಒಂದು ಆಗಲಿ, ಈಗ ಹೇಳಿದರೆ ಅವನ ಮನಸ್ಸು ಕೆಡುತ್ತದೆ ಎಂದು ಅಪ್ಪ. ಹಳೇ ಗಾಡಿ, ಒಂದು ಸರಿಹೋದರೆ ಇನ್ನೊಂದು ಕೈಕೊಡುತ್ತಿತ್ತು, ವಾರಕ್ಕೊಮ್ಮೆ ವಿಜಾಪುರ ರೋಡಿಗೆ ಹೋಗುವುದು ರೂಢಿಯಾಯಿತು. ಸಿದ್ರಾಮ ಅಪ್ಪನನ್ನು ಗೌತ್ಯಾ ಎಂದು ಕರೆಯತೊಡಗಿದ. ಗೌತಮ ಎಂಬ ಹೆಸರನ್ನು ಅಜ್ಜಿಯನ್ನು ಬಿಟ್ಟರೆ ಯಾರೂ ಹಾಗೆ ಮುರಿದಿರಲಿಲ್ಲ. ಇಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ಸಾಹೇಬರೆಂಬ ಜಾತಿಯನ್ನೇ ಬೈಯುತ್ತಿದ್ದರು. ಇಲ್ಲದ ತನ್ನ ಸಾಹೇಬನನ್ನು ಅಪ್ಪ ಎಷ್ಟು ಮನಸಾರೆ ಬೈಯುತ್ತಿದ್ದನೆಂದರೆ, ಗೋದಾಮಿನಲ್ಲಿ ಹಗಲೆಲ್ಲ ನುಂಗಿಕೊಂಡದ್ದು ಅಲ್ಲಿ ಹೊರಬರುತ್ತಿತ್ತೆಂದು ಈಗ ತಿಳಿಯುತ್ತದೆ.

ಅಪ್ಪ ಬಿಡಿಭಾಗ ತರಲು ಹೋದಾಗ ಸಿದ್ರಾಮ ನನ್ನ ಜೊತೆ ಮಾತಾಡುತ್ತಿದ್ದ. ಸಾಹೇಬ್ರು ಏನು ಮಾಡುತ್ತಾರೆ, ಮನೆ ಎಲ್ಲಿ ಎಂದು, ಮಕ್ಕಳನ್ನು ಕೇಳುವಂಥವೇ ಪ್ರಶ್ನೆಗಳು. ಉತ್ತರ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಕಟ್ಟಿದೆ. ನಮ್ಮ ಪಪ್ಪಾ ನಿಂಬೆಹಣ್ಣಿನ ಚಹಾ ಕುಡಿಯುತ್ತಾರೆ ಎಂದೆ. ನಮ್ಮ ಮನೆಯಲ್ಲಿ ಬಿಳಿ ನಾಯಿ ಇದೆ, ಮೇಜಿನ ಮೇಲೆ ಊಟ, ಪಪ್ಪಾ ಮಮ್ಮಿ ಎಂದೂ ಜಗಳಾಡುವುದಿಲ್ಲ. ಹೇಳುತ್ತ ಹೇಳುತ್ತ ಆ ಸಾಹೇಬ ನನಗೆ ಬೇಕಾದವನಾದ. ಶಾಲೆಯಲ್ಲಿ ಕೂತಾಗಲೂ ಅವನಿಗೆ ಹೊಸ ಅಂಗಿ ತೊಡಿಸುತ್ತಿದ್ದೆ. ಮನೆಗೆ ಬಂದು ಬನಿಯನ್ನಿನಲ್ಲಿ ಕೂತು ಉಳ್ಳಾಗಡ್ಡಿ ಗುದ್ದಿ ತಿನ್ನುವ ಅಪ್ಪನನ್ನು ಕಂಡರೆ ಒಂಥರಾ ಕಿರಿಕಿರಿ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೆ ಇನ್ನೂ ನಾಚಿಕೆಯದು ಮುಂದೆ ಇದೆ. ಒಂದು ದಿನ ಸಿದ್ರಾಮ, ನಿಮ್ಮ ಡ್ರೈವರ್ ಕಾಕಾ ಮಧ್ಯಾಹ್ನ ಎಲ್ಲಿ ಉಣ್ಣುತ್ತಾನೆ ಎಂದು ಕೇಳಿದ.

“ಕಾಕಾಂದು ತಾಟು ಬ್ಯಾರೆ ಅದ. ಹೊರಗ ಕಟ್ಟಿ ಮ್ಯಾಲ ಕುಂತು ಉಣ್ತಾರ,” ಎಂದೆ.

ಅಂಥ ತಾಟು ಎಲ್ಲಿಂದ ಬಂತು ನನ್ನ ಬಾಯಿಗೆ? ಅದಕ್ಕೂ ಒಂದು ವರ್ಷ ಹಿಂದೆ, ನನ್ನ ಜೊತೆ ಓದುವ ಹುಡುಗಿಯ ಮನೆಯಲ್ಲಿ, ಉಳಿದ ಹುಡುಗಿಯರು ಒಳಗೆ ಕೂತಿದ್ದಾಗ, ನನಗೊಬ್ಬಳಿಗೆ ಹೊರಗೆ ಕಟ್ಟೆಯ ಮೇಲೆ ಅಂಚು ಕಿತ್ತ ಒಂದು ತಾಟಿನಲ್ಲಿ ಅವಲಕ್ಕಿ ಕೊಟ್ಟಿದ್ದರು. ತಿಂದು, ತಾಟನ್ನು ನಾನೇ ತೊಳೆದು ಬೋರಲು ಹಾಕಿ ಬಂದಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ತಾಟನ್ನು ಎತ್ತಿ ನಾನು ನನ್ನ ಅಪ್ಪನ ಮುಂದೆ ಇಟ್ಟೆ. ಸಿದ್ರಾಮನ ಕೈಯಲ್ಲಿ ನಟ್ಟು ತಿರುವುತ್ತಿದ್ದ ಪಾನಾ ನಿಂತಿತು. ಮುಂದಿನ ವಾರ ನಾವು ಹೋದಾಗ ಅವನು ತನ್ನ ಡಬ್ಬಿ ಬಿಚ್ಚಿ, ಅಪ್ಪನ ಕೈ ಹಿಡಿದು ಎಳೆದು ಕೂರಿಸಿ, ಒಂದೇ ಡಬ್ಬಿಯಿಂದ ಉಣಿಸಿದ. ಮಂದ್ರೂಪದ ಮನೆಯ ಖಡಕ್ ರೊಟ್ಟಿ, ಪುಂಡಿಪಲ್ಯ. ಅಂದಿನಿಂದ ಪ್ರತಿ ಸಲವೂ ಹಾಗೇ. ಅಪ್ಪ ಮನೆಗೆ ಬಂದು ಅದನ್ನೇ ಮತ್ತೆ ಮತ್ತೆ ಹೇಳಿದ: ಜಾತಿ ಕೇಳಲಿಲ್ಲ, ಏನೂ ಕೇಳಲಿಲ್ಲ, ಒಂದೇ ಡಬ್ಬಿಯಲ್ಲಿ ಇಬ್ಬರ ಕೈ. ಅವ್ವ ಆ ಐದು ತಿಂಗಳಲ್ಲಿ ಮೊದಲ ಸಲ ಗಾಡಿಯ ವಿಷಯದಲ್ಲಿ ಏನೂ ಅನ್ನದೆ, ಮರುವಾರ ಆ ಮಿಸ್ತ್ರಿಗೆಂದು ಒಂದು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು. ಸಾಹೇಬನ ಮನೆಯಿಂದ ಎಂದು ಅಪ್ಪ ಕೊಟ್ಟ, ಸಿದ್ರಾಮ ಮುಟ್ಟಲಿಲ್ಲ. ಯಾಕೆಂದು ಅಪ್ಪನಿಗೆ ತಿಳಿಯಲಿಲ್ಲ. ನನಗೆ ತಿಳಿದಿತ್ತು, ಮತ್ತು ನಾನು ಬಾಯಿ ಬಿಡಲಿಲ್ಲ.

ಲಗ್ನದ ಹಿಂದಿನ ದಿನ ಜರ್ಮನಿ ಒಮ್ಮೆಯೂ ಕೆಮ್ಮದೆ ವಳಸಂಗ ದಾಟಿ, ಅಕ್ಕಲಕೋಟೆ ದಾಟಿ ಹಳ್ಳಿ ಮುಟ್ಟಿತು. ಮರುದಿನ ಬೆಳಿಗ್ಗೆ ಅಜ್ಜಿಯ ಮನೆಯ ಮುಂದೆ ಅದಕ್ಕೆ ಹೂವು ಕಟ್ಟಿದರು. ಬಿಳಿ ಸೀರೆಯ ಶಾಲೂ ಅತ್ತಿ ಹಿಂದೆ ಕೂತಳು, ಪಕ್ಕದಲ್ಲಿ ಅವ್ವ, ನಾನು. ಅಪ್ಪ ಹೊಸ ಅಂಗಿ ತೊಟ್ಟು ಕೀಲಿ ತಿರುವಿದ. ಗಾಡಿ ಹತ್ತಲಿಲ್ಲ. ಹತ್ತು ಸಲ ತಿರುವಿದ. ತಳ್ಳಿದರು, ಹತ್ತಲಿಲ್ಲ. ಬಳಗದವರ ಟೆಂಪೋ ತಯಾರಾಗಿ ನಿಂತಿತ್ತು, ಹೊತ್ತು ಮೀರುತ್ತದೆ, ಹೆಣ್ಣನ್ನು ಅದರಲ್ಲೇ ಕರೆದೊಯ್ಯೋಣ ಎಂದು ಹಿರಿಯರು ಹೇಳತೊಡಗಿದರು. ಚಾವಡಿ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ಅಪ್ಪ ಫೋನ್ ಹಿಡಿದು ನಿಂತಿದ್ದ. ಯಾರಿಗೆ ಮಾಡಬೇಕೆಂದು ಅವನಿಗೆ ಗೊತ್ತಿತ್ತು, ಮಾಡಿದರೆ ಏನಾಗುತ್ತದೆಂದೂ ಗೊತ್ತಿತ್ತು. ಅವ್ವ ಇಳಿದು ಹೋಗಿ ಅವನ ಎದುರಿಗೆ ನಿಂತಳು. ಅವನು ಮಾಡಿದ.

ಒಂದೂವರೆ ತಾಸಿಗೆ ಸಿದ್ರಾಮ ಮೋಟರ್ ಸೈಕಲ್ಲಿನ ಮೇಲೆ ಬಂದ, ಯಾರದೋ ಕೇಳಿ ತಂದದ್ದು. ಮೈತುಂಬ ಧೂಳು. ಹೂವಿನ ಗಾಡಿ, ಮದುಮಗಳು, ಹೊಸ ಅಂಗಿಯ ಅಪ್ಪ, ಅವನನ್ನು ಅಣ್ಣಾ ಅಣ್ಣಾ ಎಂದು ಕರೆಯುತ್ತಿದ್ದ ಜನ, ಎಲ್ಲವನ್ನೂ ಒಂದು ಸಲ ನೋಡಿದ. ನೋಡಿ ಅರ್ಥಮಾಡಿಕೊಂಡ, ತಪ್ಪಾಗಿ. ಅಪ್ಪನ ಹತ್ತಿರ ಬಂದು ದನಿ ತಗ್ಗಿಸಿದ. ಅವ್ವನೂ ನಾನೂ ಮತ್ತೆ ಗಾಡಿಯಲ್ಲಿ, ತೆರೆದ ಬಾಗಿಲ ಕಡೆ ಕೂತಿದ್ದೆವು, ಕೇಳಿಸಿತು.

“ತಂಗಿ ಲಗ್ನ ಅಂತ ಸಾಹೇಬಗ ಹೇಳದ ಗಾಡಿ ತಂದೀಯೇನು ಗೌತ್ಯಾ? ಹೆದರಬ್ಯಾಡ. ಕೇಳಿದ್ರ ಎರಡು ದಿನ ನನ್ನ ಶೆಡ್ಡಿನ್ಯಾಗ ಇತ್ತು ಅಂತ ಹೇಳ್ತೀನಿ.”

ಒಂದು ಪೈಸೆಯ ಸುಳ್ಳು ಬಿಲ್ಲು ಬರೆಯದ ಮನುಷ್ಯ ಅಪ್ಪನಿಗಾಗಿ ಸುಳ್ಳು ಹೇಳಲು ತಯಾರಾಗಿದ್ದ. ಅಷ್ಟರಲ್ಲಿ ಸಿದ್ರಾಮ ನನ್ನನ್ನು ಕಂಡ, ನಕ್ಕ.

“ಬೇಬಿ, ನೀವೂ ಬಂದೀರಿ? ಪಪ್ಪಾಗ ಹೇಳಬ್ಯಾಡ್ರಿ, ಪಾಪ.”

“ಹೇಳಂಗಿಲ್ಲ,” ಎಂದೆ.

ಒಂದು ಕ್ಷಣವೂ ತಡೆಯಲಿಲ್ಲ ನಾನು. ಅವ್ವನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಸ್ವಂತ ಅತ್ತಿಯ ಲಗ್ನದಲ್ಲಿ, ಎದುರಿಗೆ ನಿಂತ ಅಪ್ಪನನ್ನು ಬಿಟ್ಟುಕೊಟ್ಟೆ. ಅವ್ವ ನನ್ನ ಕಡೆ ತಿರುಗಿದ ರೀತಿ ನೆನೆದರೆ ಈಗಲೂ ಮೈ ಕೊರೆಯುತ್ತದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅಪ್ಪನೂ ನನ್ನನ್ನು ನೋಡಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ.

“ಅಕಿ ನನ್ನ ಮಗಳು, ಸಿದ್ರಾಮ. ಗಾಡಿನೂ ನಂದ ಅದ. ಸಾಹೇಬ ಅಂತ ಯಾರೂ ಇಲ್ಲ.”

ಸಿದ್ರಾಮ ಮೊದಲು ಚೇಷ್ಟೆ ಎಂದುಕೊಂಡ. ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ, ಆಗ ನಗು ಇಳಿಯಿತು. ಹೆಗಲ ಮೇಲಿನ ಬಟ್ಟೆಯಿಂದ ಕೈ ಒರೆಸಿಕೊಳ್ಳತೊಡಗಿದ, ಕೈಗೆ ಇನ್ನೂ ಮಸಿ ಹತ್ತಿರಲೇ ಇಲ್ಲ. ಅವತ್ತು ಕಮಿಷನ್ ಕೇಳಿದ್ದು ಪರೀಕ್ಷೆಯೇ ಎಂದು ಕೇಳಿದ. ಅಪ್ಪ ತಲೆಯಾಡಿಸಿದ.

“ನಾ ನಿಮ್ಮನ್ನ ಏನೂ ಪರೀಕ್ಷಾ ಮಾಡಲಿಲ್ಲರೀ,” ಎಂದ ಸಿದ್ರಾಮ.

ಆಮೇಲೆ ಬಾನೆಟ್ ಎತ್ತಿ ಕೆಲಸಕ್ಕೆ ನಿಂತ. ಪೆಟ್ರೋಲ್ ಪಂಪಿಗೆ ಕರೆಂಟು ಕೊಡುವ ರಿಲೇ ಸತ್ತಿತ್ತು, ಒಂದು ತುಂಡು ತಂತಿಯಿಂದ ಜೋಡಿಸಿ ಹತ್ತು ನಿಮಿಷದಲ್ಲಿ ಗಾಡಿ ಎಬ್ಬಿಸಿದ. ಅಕ್ಕಲಕೋಟೆಯವರೆಗೆ ಎಲ್ಲೂ ಬಂದ್ ಮಾಡಬೇಡಿ ಎಂದು ಹೇಳಿದ. ಊಟಕ್ಕೆ ಬರಬೇಕೆಂದು ಅವ್ವ ಕೈಮುಗಿದು ಕರೆದಳು, ಮೋಟರ್ ಸೈಕಲ್ ತಿರುಗಿ ಕೊಟ್ಟು ಊರಿನ ಬಸ್ಸು ಹಿಡಿಯಬೇಕು ಎಂದ, ಅದನ್ನು ಹತ್ತಿ ಹೋದ. ನಮ್ಮ ಗಾಡಿ ಚಾವಡಿಯ ಮುಂದೆ ಹಾಯಿತು. ಕಟ್ಟೆಯ ಮೇಲೆ ಇಬ್ಬರು ಮುದುಕರು ಕೂತಿದ್ದರು, ಒಬ್ಬ ಕೈ ಎತ್ತಿದ. ಅಪ್ಪ ಅತ್ತ ನೋಡಲೇ ಇಲ್ಲ. ಅವನ ಕಣ್ಣು ಕನ್ನಡಿಯಲ್ಲಿತ್ತು, ಹಿಂದೆ ಮೋಟರ್ ಸೈಕಲ್ ಹೋದ ದಾರಿಯ ಮೇಲೆ.

ಲಗ್ನ ಚೆನ್ನಾಗಿಯೇ ಆಯಿತು. ಮರುದಿನವೇ ಅಪ್ಪ ಒಬ್ಬನೇ ವಿಜಾಪುರ ರೋಡಿಗೆ ಹೋಗಿ ಬಂದ, ಏನು ಮಾತಾಯಿತೆಂದು ಹೇಳಲಿಲ್ಲ. ಆಮೇಲೂ ಗಾಡಿ ಅಲ್ಲಿಗೇ ಹೋಗುತ್ತಿತ್ತು. ಸಿದ್ರಾಮ ಮೊದಲಿನ ಹಾಗೇ ಕಡಿಮೆ ಮಜೂರಿಗೆ, ಮೊದಲಿನ ಹಾಗೇ ಸರಿಯಾಗಿ ಕೆಲಸ ಮಾಡುತ್ತಿದ್ದ. ಬರ್ರಿ ಸಾಹೇಬ್ರ, ಕೂಡ್ರಿ ಸಾಹೇಬ್ರ ಎನ್ನುತ್ತಿದ್ದ. ಊಟದ ಹೊತ್ತಿಗೆ ಶೆಡ್ಡಿನ ಹಿಂದೆ ಹೋಗಿ ಉಂಡು ಬರುತ್ತಿದ್ದ. ಸೊಲ್ಲಾಪುರದಲ್ಲಿ ಅಪ್ಪನನ್ನು ಸಾಹೇಬ ಎಂದು ಕರೆದವನು ಅವನೊಬ್ಬನೇ. ಅಪ್ಪ ಆ ವರ್ಷ ಮುಗಿಯುವ ಮೊದಲೇ ಗಾಡಿ ಮಾರಿದ. ಅಂಗಳ ವಾಪಸ್ ಬಂದಾಗ ನಮಗೆಲ್ಲ ಅದು ಅಗತ್ಯಕ್ಕಿಂತ ದೊಡ್ಡದೆನಿಸಿತು, ಅವ್ವ ಹೊಸ ಕರಿಬೇವು ತಂದು ನೆಟ್ಟಳು.

ಇಷ್ಟನ್ನು ನಾನು ಕನ್ನಡದಲ್ಲಿ ಬರೆದೆ. ನಮ್ಮ ಓಣಿಗೆ ಹತ್ತಿರವಿದ್ದದ್ದು ಕನ್ನಡ ಶಾಲೆ, ಹಾಗಾಗಿ ಓದು ಬರಹ ನನಗೆ ಕನ್ನಡದಲ್ಲೇ ಬಂತು. ಅಪ್ಪ ಮರಾಠಿ ಶಾಲೆಯಲ್ಲಿ ಕಲಿತವನು. ಕನ್ನಡದಲ್ಲಿ ಮಾತಾಡುತ್ತಾನೆ, ಬೈಯುತ್ತಾನೆ, ಕನಸೂ ಕನ್ನಡದಲ್ಲೇ ಬೀಳುತ್ತದಂತೆ. ಒಂದಕ್ಷರ ಓದಲು ಮಾತ್ರ ಬರುವುದಿಲ್ಲ. ಹೋದ ಭಾನುವಾರ ಅವನೂ ಅವ್ವನೂ ಅಕ್ಕಲಕೋಟೆಗೆ, ನನ್ನ ಮನೆಗೆ ಬಂದಿದ್ದರು. ನನ್ನ ಸುದ್ದಿ ಏನೋ ಬರೆದೀಯಂತಲ್ಲ, ಓದಿ ಹೇಳು ಎಂದ. ಓದಿದೆ. ಸಿದ್ರಾಮನ ಜೊತೆ ನಾನಾಡಿದ ಮಾತುಗಳು ಬಂದಾಗ ಆ ಎರಡು ಹಾಳೆ ಮಗುಚಿ ಮುಂದಕ್ಕೆ ಹೋದೆ. ದನಿ ತಡವರಿಸಲಿಲ್ಲ ಎಂದೇ ನನ್ನ ಅಂದಾಜು. ಗಾಡಿ ಮಾರಿದಲ್ಲಿಗೆ ಮುಗಿಸಿದೆ.

“ತಾಟಿನ ಸುದ್ದಿ ಬಿಟ್ಟಿ,” ಎಂದ ಅಪ್ಪ. “ಸಿದ್ರಾಮ ಲಗ್ನದ ಮರುದಿನಾನ ನನಗ ಎಲ್ಲಾ ಹೇಳ್ಯಾನ. ಬರದೀಯೋ ಇಲ್ಲೋ?”

ಬರೆದಿದ್ದೇನೆ ಎಂದೆ. ಇಷ್ಟು ವರ್ಷ ಅವನು ಅದನ್ನು ಇಟ್ಟುಕೊಂಡು ನನ್ನ ಜೊತೆ ಉಂಡಿದ್ದ, ನಕ್ಕಿದ್ದ, ನನ್ನ ಲಗ್ನ ಮಾಡಿದ್ದ.

“ಹಂಗಾದ್ರ ಓದು.”

ಹಾಳೆ ಹಿಂದಕ್ಕೆ ತಿರುವಿ ಓದಿದೆ. ನಿಂಬೆಹಣ್ಣಿನ ಚಹಾ ಓದಿದೆ, ಬಿಳಿ ನಾಯಿ ಓದಿದೆ, ಅವನ ಬೇರೆ ತಾಟು ಓದಿದೆ. ಅಪ್ಪ ಗೊತ್ತಿದ್ದ ದಾರಿಯಲ್ಲಿ ನಡೆಯುವವನ ಹಾಗೆ ತಲೆಯಾಡಿಸುತ್ತಿದ್ದ. ಅದರ ಕೆಳಗಿನ ಸಾಲುಗಳಿಗೆ, ಕಟ್ಟೆಗೆ, ಅಂಚು ಕಿತ್ತ ತಾಟಿಗೆ, ಅವಲಕ್ಕಿಗೆ ಬಂದಾಗ ತಲೆ ನಿಂತಿತು. ಕುರ್ಚಿಯ ಕೈಹಿಡಿ ಹಿಡಿದು ಎದ್ದು ನಿಂತ.

“ಯಾರ ಮನ್ಯಾಗ?” ಎಂದು ಕೇಳಿದ.